‘ಎಸ್ಸನ್’, ‘ಈಟ್’ ಮತ್ತು ನಮ್ಮ ‘ಅನ್ನ’

ಜರ್ಮನ್ ಕಲಿಯುತ್ತಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ‘ತಿನ್ನು’ ಎಂಬರ್ಥದ ಎಸ್ಸನ್‌ಗೂ ಇಂಗ್ಲಿಷಿನ ಈಟ್‌ಗೂ ನಂಟಿದೆಯೇ? ಇವೆರಡೂ ಸಂಸ್ಕೃತದಿಂದ ಹುಟ್ಟಿದವೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಖಂಡಿತ ಅಲ್ಲ.

ಎರಡೂ ಬಂದದ್ದು ಇಂಗ್ಲಿಷ್, ಜರ್ಮನ್, ಡಚ್ ಮೊದಲಾದವುಗಳ ಪೂರ್ವಜವಾದ ಮೂಲ ಜರ್ಮಾನಿಕ್ ಭಾಷೆಯ *ಎಟನಂ ಎಂಬ ಕ್ರಿಯಾಪದದಿಂದ. ನಕ್ಷತ್ರ ಚಿಹ್ನೆಯನ್ನು ಬಿಡದೆ ಬರೆಯಿರಿ. ಈ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಹೋಲಿಸಿ ಮರುರಚಿಸಿದ್ದು. ಈಗ ಅಳಿದುಹೋಗಿರುವ ಜರ್ಮಾನಿಕ್ ಭಾಷೆ ಗಾಥಿಕ್‌ನ ಇಟನ್, ಹಳೆಯ ಇಂಗ್ಲಿಷಿನ ಎಟನ್, ಡಚ್ಚಿನ ಏಟನ್ ಎಲ್ಲದರಲ್ಲೂ ಟಕಾರ ಉಳಿದಿದೆ. ದಕ್ಷಿಣದ ಜರ್ಮನ್ ನುಡಿಗಳಲ್ಲಿ ಮಾತ್ರ ಸ್ವರದ ನಂತರದ ಟಕಾರ ಸಕಾರವಾಯಿತು: ವಾಟರ್–ವಾಸರ್, ಫುಟ್–ಫೂಸ್.

ಇನ್ನೂ ಹಿಂದಕ್ಕೆ ಹೋದರೆ, ಸಂಸ್ಕೃತ, ಗ್ರೀಕ್, ಲ್ಯಾಟಿನ್, ಜರ್ಮಾನಿಕ್ ಎಲ್ಲಕ್ಕೂ ಪೂರ್ವಜವಾದ ಇಂಡೋ-ಯುರೋಪಿಯನ್ ಮೂಲಭಾಷೆಯ *ಎದ್. ಅದರ ದಕಾರ ಜರ್ಮಾನಿಕ್‌ನಲ್ಲಿ ಟಕಾರವಾದದ್ದು ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮದಂತೆ. ದಶ–ಟೆನ್, ಪಾದ–ಫುಟ್ ನೋಡಿ. ಅದೇ *ಎದ್ ಲ್ಯಾಟಿನ್‌ನಲ್ಲಿ ಎಡೊ, ಸಂಸ್ಕೃತದಲ್ಲಿ ಅದ್ ಧಾತು. ನಾವು ಸಂಸ್ಕೃತದಿಂದ ಪಡೆದ ‘ಅನ್ನ’ ಈ ಧಾತುವಿನದೇ. ಮೂಲದ ಎಕಾರ ಸಂಸ್ಕೃತದಲ್ಲಿ ಅಕಾರದೊಡನೆ ಬೆರೆತುಹೋಯಿತು. ಸಂಸ್ಕೃತವೇ ತಾಯಿಯಾಗಿದ್ದರೆ, ಯಾವ ಪದದಲ್ಲಿ ಎಕಾರ ಇರಬೇಕೆಂಬುದರಲ್ಲಿ ಗ್ರೀಕ್, ಲ್ಯಾಟಿನ್, ಜರ್ಮಾನಿಕ್ ಮೂರೂ ಇಷ್ಟು ಒಮ್ಮತಕ್ಕೆ ಬರುತ್ತಿರಲಿಲ್ಲ. ಇವು ಒಡಹುಟ್ಟಿದವು.

ನನಗೆ ಬಹಳ ಇಷ್ಟವಾದದ್ದು ಈ ಕ್ರಿಯಾಪದದ ಸಂತಾನ. ‘ಪೂರ್ತಿಯಾಗಿ’ ಎಂಬ ಛಾಯೆಯ *ಫ್ರ ಎಂಬ ಪೂರ್ವಪ್ರತ್ಯಯ ಸೇರಿದಾಗ ‘ತಿಂದು ಮುಗಿಸು’ ಎಂಬರ್ಥ ಬಂತು. ಜರ್ಮನ್‌ನಲ್ಲಿ ಅದು ಫ್ರೆಸ್ಸನ್. ಪ್ರಾಣಿಗಳು ತಿನ್ನುವುದಕ್ಕೆ ಬಳಸುತ್ತಾರೆ, ಊಟಕ್ಕೆ ಕುಳಿತವರ ಬಗ್ಗೆ ಹೇಳಿದರೆ ಅವಮಾನ. ಇಂಗ್ಲಿಷಿನಲ್ಲಿ ಅದೇ ಫ್ರೆಟ್: ಮೊದಲು ಕಬಳಿಸುವುದು, ಆಮೇಲೆ ಕೊರೆಯುವುದು, ಈಗ ಚಿಂತೆಯಲ್ಲಿ ಕೊರಗುವುದು. ‘ತಿನ್ನಿಸು’ ಎಂಬ ಪ್ರೇರಣಾರ್ಥಕ ರೂಪದಿಂದ ಜರ್ಮನ್‌ನ ಎಟ್ಸನ್ ಹುಟ್ಟಿ, ಡಚ್ಚಿನ ಮೂಲಕ ಇಂಗ್ಲಿಷಿಗೆ ಎಚ್ (etch) ಆಗಿ ಬಂತು. ತಾಮ್ರದ ತಗಡನ್ನು ಆಮ್ಲಕ್ಕೆ ತಿನ್ನಿಸಿ ಚಿತ್ರ ಮೂಡಿಸುವ ಕಲೆಗೆ ಈ ಹೆಸರು.

ಎಸ್ಸನ್‌ನ ಭೂತ ಕೃದಂತವಾದ ಗೆಗೆಸ್ಸನ್ ರೂಪದಲ್ಲಿ ಗೆ ಎಂಬ ಪೂರ್ವಪ್ರತ್ಯಯ ಎರಡು ಸಲ ಯಾಕೆಂದು ತಲೆಕೆಡಿಸಿಕೊಳ್ಳಬೇಡಿ. ಗೆ, ಎಸ್ಸನ್ ಕೂಡಿ ಗೆಸ್ಸನ್ ಆಗಿತ್ತು; ಒಳಗಿನ ಗೆ ಕಣ್ಮರೆಯಾದ್ದರಿಂದ ಜನ ಇನ್ನೊಂದನ್ನು ಸೇರಿಸಿದರು.

ಮುಂದೆ ನೀವೇ ಪದಗಳನ್ನು ಜೋಡಿಸುವಾಗ ಮೇಲುನೋಟದ ಹೋಲಿಕೆಯನ್ನು ನಂಬದೆ ಧ್ವನಿನಿಯಮವನ್ನು ಮೊದಲು ನೋಡಿ. ಜರ್ಮನ್‌ನ ಹಾಬನ್, ಲ್ಯಾಟಿನ್‌ನ ಹಬೇರೆ ಎರಡಕ್ಕೂ ‘ಹೊಂದಿರು’ ಎಂದೇ ಅರ್ಥ, ಆದರೂ ನಂಟಿಲ್ಲ. ಜರ್ಮಾನಿಕ್ ಹಕಾರ ಹಳೆಯ ಕಕಾರದಿಂದ ಬಂದದ್ದು. ಹಾಬನ್‌ನ ನಿಜವಾದ ನೆಂಟ ಲ್ಯಾಟಿನ್‌ನಲ್ಲಿ ‘ಹಿಡಿ’ ಎಂಬರ್ಥದ ಕಪೆರೆ.