ವಿಮಾನ ನಿಲ್ದಾಣದ ತಪಾಸಣೆಯಿಂದ ಭಯೋತ್ಪಾದನೆ ನಿಜಕ್ಕೂ ತಪ್ಪುತ್ತದೆಯೇ?

ಪ್ರಶ್ನೆ: ನಾನು ಗಲ್ಫ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ರಜೆ ಮುಗಿಸಿ ಹೊರಟಾಗ ಅಮ್ಮ ಕಟ್ಟಿಕೊಟ್ಟಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಕೈಚೀಲದಿಂದ ತೆಗೆಸಿದರು. ಬೆಲ್ಟ್ ಬಿಚ್ಚಿಸಿದರು, ಲ್ಯಾಪ್‌ಟಾಪನ್ನು ಬೇರೆ ಟ್ರೇಯಲ್ಲಿ ಇಡಿಸಿದರು. ಇದರಿಂದೆಲ್ಲ ಭಯೋತ್ಪಾದಕರ ದಾಳಿ ತಪ್ಪುತ್ತದೆಯೇ, ಅಥವಾ ಇದು ಪ್ರಯಾಣಿಕರಿಗೆ ಧೈರ್ಯ ತುಂಬಲು ನಡೆಸುವ ಪ್ರದರ್ಶನವೇ?
– ಓದುಗರೊಬ್ಬರು, ಉಡುಪಿ

ಉತ್ತರ: ತಪ್ಪುತ್ತದೆ, ಆದರೆ ಎಲ್ಲ ಕ್ರಮಗಳಿಂದಲೂ ಒಂದೇ ಪ್ರಮಾಣದಲ್ಲಿ ಅಲ್ಲ. ನಿಮಗೆ ಕಿರಿಕಿರಿ ಉಂಟುಮಾಡಿದ ತಪಾಸಣೆಗಿಂತ, ಪ್ರಯಾಣಿಕರ ಗಮನಕ್ಕೇ ಬಾರದ ಕೆಲವು ನಿಯಮಗಳು ಹೆಚ್ಚು ಮುಖ್ಯವೆಂದು ನಾನು ನಂಬಿದ್ದೇನೆ.

ಅವುಗಳಲ್ಲಿ ಮೊದಲನೆಯದು, ವಿಮಾನ ಹತ್ತದ ಪ್ರಯಾಣಿಕನ ಲಗೇಜನ್ನು ಇಳಿಸಿಯೇ ವಿಮಾನ ಹೊರಡಬೇಕೆಂಬ ನಿಯಮ. 1985ರ ಜೂನ್ 22ರಂದು ಕೆನಡಾದ ವ್ಯಾಂಕೂವರ್ ನಿಲ್ದಾಣದ ಕೌಂಟರಿಗೆ ಎಂ. ಸಿಂಗ್ ಎಂಬ ಹೆಸರಿನ ಟಿಕೆಟ್ ಹಿಡಿದು ಬಂದ ವ್ಯಕ್ತಿಗೆ ಟೊರೊಂಟೊವರೆಗೆ ಮಾತ್ರ ಸೀಟು ಖಚಿತವಾಗಿತ್ತು. ಅಲ್ಲಿಂದ ಮುಂದಕ್ಕೆ ಏರ್ ಇಂಡಿಯಾ ವಿಮಾನದಲ್ಲಿ ಆತ ವೇಟಿಂಗ್ ಲಿಸ್ಟ್‌ನಲ್ಲಿದ್ದ. ಆದರೂ ತನ್ನ ಸೂಟ್‌ಕೇಸನ್ನು ನೇರವಾಗಿ ಭಾರತಕ್ಕೇ ಕಳುಹಿಸಬೇಕೆಂದು ಪಟ್ಟು ಹಿಡಿದ. ಕೌಂಟರಿನಲ್ಲಿದ್ದ ಸಿಬ್ಬಂದಿ ಮೊದಲು ಒಪ್ಪಲಿಲ್ಲ. ಹಿಂದೆ ಸಾಲು ಬೆಳೆಯುತ್ತಿದ್ದಾಗ ಕೊನೆಗೆ ಮಣಿದರು. ಸೂಟ್‌ಕೇಸ್ ಹೋಯಿತು, ಆತ ವಿಮಾನ ಹತ್ತಲೇ ಇಲ್ಲ. ಟೊರೊಂಟೊದಲ್ಲಿ ಲಗೇಜು ಪರೀಕ್ಷಿಸುತ್ತಿದ್ದ ಎಕ್ಸ್-ರೇ ಯಂತ್ರ ನಡುವೆಯೇ ಕೆಟ್ಟು, ಉಳಿದ ಚೀಲಗಳನ್ನು ಕೈಯಲ್ಲಿ ಹಿಡಿಯುವ ಒಂದು ಸಣ್ಣ ಉಪಕರಣದಿಂದ ನೋಡಿ ಮುಗಿಸಲಾಯಿತು. ಮರುದಿನ ಐರ್ಲೆಂಡಿನ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರದ ಮೇಲೆ ‘ಕನಿಷ್ಕ’ ಹೆಸರಿನ ಆ ಏರ್ ಇಂಡಿಯಾ ವಿಮಾನ ಸ್ಫೋಟಗೊಂಡು 329 ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನ ಕೆನಡಾದ ಪ್ರಜೆಗಳು. ಏರ್ ಇಂಡಿಯಾದ ಇನ್ನೊಂದು ವಿಮಾನಕ್ಕೆ ಸೇರಬೇಕಿದ್ದ ಚೀಲ ಅದೇ ದಿನ ಜಪಾನಿನ ನರಿತಾ ನಿಲ್ದಾಣದಲ್ಲಿ ಸಿಡಿದು, ಲಗೇಜು ಸಾಗಿಸುತ್ತಿದ್ದ ಇಬ್ಬರು ಕೆಲಸಗಾರರು ಪ್ರಾಣ ಕಳೆದುಕೊಂಡರು.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಅಲ್ಲಿ ಎಚ್ಚರಿಕೆಯೂ ಇತ್ತು, ಯಂತ್ರವೂ ಇತ್ತು. ಶಂಕಿತರ ಬೆನ್ನು ಹತ್ತಿದ್ದ ಕೆನಡಾದ ಗುಪ್ತಚರರು ಜೂನ್ 4ರಂದು ಕಾಡಿನೊಳಗಿನಿಂದ ಬಂದ ಪ್ರಯೋಗಸ್ಫೋಟದ ಸದ್ದನ್ನು ಕಿವಿಯಾರೆ ಕೇಳಿ, ಅದನ್ನು ಗುಂಡಿನ ಸದ್ದೆಂದು ಭಾವಿಸಿದ್ದರು. ಇಷ್ಟೆಲ್ಲ ಲೋಪಗಳ ನಡುವೆಯೂ, ಯಜಮಾನನಿಲ್ಲದ ಆ ಒಂದು ಸೂಟ್‌ಕೇಸನ್ನು ಕೆಳಗಿಳಿಸಿದ್ದರೆ ಆ ವಿಮಾನ ಉಳಿಯುತ್ತಿತ್ತು. ಇಂದು ಬೋರ್ಡಿಂಗ್ ಮುಗಿದ ಮೇಲೂ ಯಾರದೋ ಬ್ಯಾಗ್ ಇಳಿಸಲೆಂದು ವಿಮಾನ ತಡವಾಗುವುದನ್ನು ನೀವು ಕಂಡಿರಬಹುದು. ಆ ವಿಳಂಬಕ್ಕೆ ದಯವಿಟ್ಟು ಬೇಸರಪಡಬೇಡಿ.

ಎರಡನೆಯದು ಮನುಷ್ಯರು ಕೇಳುವ ಪ್ರಶ್ನೆ. 1986ರ ಏಪ್ರಿಲ್ 17ರಂದು ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಗರ್ಭಿಣಿಯೊಬ್ಬರ ಚೀಲ ಎಕ್ಸ್-ರೇ ದಾಟಿ ಬಂದಿತ್ತು. ಇಸ್ರೇಲಿನ ಎಲ್ ಆಲ್ ವಿಮಾನ ಹತ್ತುವ ಮುನ್ನ ಆ ಸಂಸ್ಥೆಯ ಭದ್ರತಾ ಸಿಬ್ಬಂದಿ, ಯಾರನ್ನು ನೋಡಲು ಹೋಗುತ್ತಿದ್ದೀರಿ, ಈ ಚೀಲ ಯಾರದು ಎಂದು ಸಾವಧಾನವಾಗಿ ವಿಚಾರಿಸಿದರು. ಸಾಮಾನು ತೆಗೆದ ಮೇಲೂ ಚೀಲ ಇರಬೇಕಾದ್ದಕ್ಕಿಂತ ಭಾರವಾಗಿಯೇ ಇತ್ತು. ಸುಳ್ಳು ತಳದ ಅಡಿಯಲ್ಲಿ ಸೆಮ್‌ಟೆಕ್ಸ್ ಸ್ಫೋಟಕವಿತ್ತು. ಅದನ್ನು ಇಟ್ಟವನು ಆಕೆಯನ್ನು ಮದುವೆಯಾಗುವುದಾಗಿ ನಂಬಿಸಿದ್ದವನೇ, ಆಕೆಗೆ ಅದರ ಸುಳಿವೇ ಇರಲಿಲ್ಲ.

ಹಾಗೆಂದು ಯಂತ್ರದ ತಪಾಸಣೆ ವ್ಯರ್ಥವೆನ್ನುವುದು ತಪ್ಪು. 1968ರಿಂದ 1972ರ ನಡುವೆ ಅಮೆರಿಕದಲ್ಲಿ 130ಕ್ಕೂ ಹೆಚ್ಚು ವಿಮಾನ ಅಪಹರಣದ ಯತ್ನಗಳು ನಡೆದವು. 1973ರ ಜನವರಿಯಿಂದ ಎಲ್ಲ ಪ್ರಯಾಣಿಕರನ್ನೂ ತಪಾಸಿಸಲು ತೊಡಗಿದ ಮೇಲೆ ಆ ಸಂಖ್ಯೆ ಥಟ್ಟನೆ ಇಳಿಯಿತು. ನಮ್ಮಲ್ಲಿ 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ-814 ವಿಮಾನವನ್ನು ಕಂದಹಾರಕ್ಕೆ ಒಯ್ದ ಪ್ರಕರಣದ ಬೆನ್ನಿಗೇ ನಿಲ್ದಾಣಗಳ ಭದ್ರತೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ (ಸಿಐಎಸ್ಎಫ್) ಕೈಗೆ ಬರತೊಡಗಿತು. ಆಮೇಲೆ ಭಾರತದ ಯಾವ ಪ್ರಯಾಣಿಕ ವಿಮಾನವೂ ಭಯೋತ್ಪಾದಕರ ಅಪಹರಣಕ್ಕೆ ಸಿಲುಕಿಲ್ಲ. ಇದರ ಶ್ರೇಯವನ್ನೆಲ್ಲ ತಪಾಸಣೆಗೇ ಕೊಡಲಾಗದು. 2001ರ ಸೆಪ್ಟೆಂಬರ್ 11ರ ನಂತರ ಬಂದ, ಒಳಗಿನಿಂದ ಚಿಲಕ ಹಾಕುವ ಗಟ್ಟಿಮುಟ್ಟಾದ ಕಾಕ್‌ಪಿಟ್ ಬಾಗಿಲಿನ ಪಾಲೂ ದೊಡ್ಡದು. ಆ ಬಾಗಿಲಿಗೂ ಒಂದು ಮಿತಿಯಿದೆ: 2015ರಲ್ಲಿ ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್ ತನ್ನ ಕ್ಯಾಪ್ಟನ್ನನ್ನೇ ಹೊರಗಿಟ್ಟು ವಿಮಾನವನ್ನು ಬೆಟ್ಟಕ್ಕೆ ಅಪ್ಪಳಿಸಿದ.

ಇನ್ನು ನಿಮ್ಮ ಉಪ್ಪಿನಕಾಯಿಯ ವಿಷಯ. ದ್ರವ ಪದಾರ್ಥಗಳ 100 ಮಿಲಿಲೀಟರ್ ಮಿತಿ ಬಂದದ್ದು, ತಂಪು ಪಾನೀಯದ ಬಾಟಲಿಗಳಲ್ಲಿ ದ್ರವರೂಪದ ಸ್ಫೋಟಕ ಒಯ್ಯುವ ಸಂಚು 2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ಬಯಲಾದ ಮೇಲೆ. ಆ ಸಂಚನ್ನು ಹಿಡಿದದ್ದು ತಿಂಗಳುಗಟ್ಟಲೆ ಕಣ್ಣಿಟ್ಟಿದ್ದ ಪೊಲೀಸರು ಮತ್ತು ಗುಪ್ತಚರರೇ ಹೊರತು ನಿಲ್ದಾಣದ ಸಿಬ್ಬಂದಿಯಲ್ಲ. ಆದರೂ ಅಪಾಯ ನಿಜವಾದದ್ದೇ ಆಗಿತ್ತು, ಹಳೆಯ ಎಕ್ಸ್-ರೇ ಯಂತ್ರಕ್ಕೆ ಎಣ್ಣೆ ಯಾವುದು, ಸ್ಫೋಟಕ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಚೀಲದ ಒಳಭಾಗವನ್ನು ಎಲ್ಲ ಕೋನಗಳಿಂದಲೂ ತೋರಿಸುವ ಸಿಟಿ ಸ್ಕ್ಯಾನರ್ ಅಳವಡಿಸಿಕೊಂಡ ಬ್ರಿಟನ್ನಿನ ಕೆಲವು ನಿಲ್ದಾಣಗಳು ಈ ಮಿತಿಯನ್ನು ಈಗಾಗಲೇ ಸಡಿಲಿಸಿವೆ. ನಮ್ಮಲ್ಲೂ ಅದು ಸಡಿಲವಾಗುವವರೆಗೆ ಉಪ್ಪಿನಕಾಯಿಯನ್ನು ಭದ್ರವಾಗಿ ಸುತ್ತಿ ಚೆಕ್-ಇನ್ ಲಗೇಜಿನಲ್ಲಿ ಇಡಿ.

ನನಗೆ ನಿಜವಾದ ಆತಂಕವಿರುವುದು ಪ್ರಯಾಣಿಕರು ಕಾಣದ ಬದಿಯಲ್ಲಿ. 2016ರ ಫೆಬ್ರುವರಿಯಲ್ಲಿ ಸೊಮಾಲಿಯಾದ ಮೊಗಾದಿಶುವಿನಿಂದ ಹೊರಟ ವಿಮಾನದಲ್ಲಿ ಸಿಡಿದ ಲ್ಯಾಪ್‌ಟಾಪ್ ಬಾಂಬನ್ನು ತಪಾಸಣೆ ದಾಟಿದ ಮೇಲೆ ಪ್ರಯಾಣಿಕನ ಕೈಗಿತ್ತವರು ನಿಲ್ದಾಣದ ಕೆಲಸಗಾರರೆಂಬುದು ಸಿಸಿಟಿವಿ ದೃಶ್ಯಗಳಲ್ಲಿ ಕಂಡುಬಂದಿತ್ತು. ವಿಮಾನ ಇನ್ನೂ ಪೂರ್ತಿ ಎತ್ತರಕ್ಕೆ ಏರಿರದ ಕಾರಣ ಬಾಂಬ್ ಒಯ್ದವನೊಬ್ಬನೇ ಸತ್ತ, ಉಳಿದವರು ಬದುಕಿದರು. ಆಹಾರ ತುಂಬುವವರು, ಸ್ವಚ್ಛತೆ ಮಾಡುವವರು, ಲಗೇಜು ಎತ್ತುವವರು ದಿನವೂ ವಿಮಾನದ ಹತ್ತಿರ ಹೋಗುತ್ತಾರೆ. ಅವರ ಹಿನ್ನೆಲೆಯ ಪರಿಶೀಲನೆ ಉದ್ಯೋಗಕ್ಕೆ ಸೇರುವ ದಿನಕ್ಕೇ ಮುಗಿಯದೆ ನಿಯತವಾಗಿ ಮುಂದುವರಿಯಬೇಕು. ಅವರು ಒಳಬರುವ ಗೇಟಿನಲ್ಲಿಯೂ ನಿಮ್ಮ ಬೆಲ್ಟ್ ಬಿಚ್ಚಿಸಿದಷ್ಟೇ ಕಟ್ಟುನಿಟ್ಟಿನ ತಪಾಸಣೆ ಪ್ರತಿ ಪಾಳಿಯಲ್ಲೂ ನಡೆಯಬೇಕು. ಹೆಚ್ಚುವರಿ ಹಣ ಮತ್ತು ಸಿಬ್ಬಂದಿ ಒದಗಿದರೆ ಅದನ್ನು ಮೊದಲು ಬಳಸಬೇಕಾದದ್ದು ಆ ಗೇಟಿನಲ್ಲಿ.