ಎದ್ಯಾಗಿನ ನೀರಿನ ಸ್ಯಾಂಪಲ್ ಲ್ಯಾಬ್‌ನವರು ಎಷ್ಟ್ ದಿನ ಇಟ್ಕೊಂಡಿರ್ತಾರ?

ನೀವು ಕೇಳಿದ್ದು, ಅಪ್ಪಾರ ಎದ್ಯಾಗಿನ ನೀರು ತಗದು ಲ್ಯಾಬಿಗೆ ಕೊಟ್ಟಿದ್ರು, ವಾರ ಬಿಟ್ಟು ಡಾಕ್ಟ್ರು ಟಿಬಿ ಐತೇನು ನೋಡಾಕ ಎಡಿಎ ಟೆಸ್ಟೂ ಬೇಕು ಅಂದ್ರು, ಲ್ಯಾಬಿಗೆ ಹೋದ್ರ ಸ್ಯಾಂಪಲ್ ಚೆಲ್ಲೇವಿ ಅಂತಾರ, ಹಿಂಗ ಮಾಡಬಹುದಾ ಅಂತ. ನಾನು ಹುಬ್ಬಳ್ಳ್ಯಾಗ ಆಸ್ಪತ್ರಿ ಲ್ಯಾಬ್ ಟೆಕ್ನಿಶಿಯನ್, ಹಾವೇರಿ ಗದಗ ಕಡೆಯಿಂದ ಬರೋ ಮಂದಿನೂ ಇದನ್ನ ಭಾಳ ಕೇಳ್ತಾರ.

ಚೆಲ್ಲಿದ್ದು ತಪ್ಪಲ್ರೀ. ರಿಪೋರ್ಟ್ ಕೊಟ್ಟಮ್ಯಾಲ ಉಳಿದ ನೀರನ್ನ ಎಷ್ಟ್ ದಿನ ಫ್ರಿಡ್ಜ್‌ನ್ಯಾಗ ಇಡಬೇಕು ಅಂತ ಆಯಾ ಲ್ಯಾಬ್‌ನವರು ಬರದಿಟ್ಕೊಂಡಿರ್ತಾರ, ಅಮೆರಿಕದ ಪ್ಯಾಥಾಲಜಿಸ್ಟ್‌ಗಳ ಕಾಲೇಜು ಕಮ್ಮಿ ಅಂದ್ರೂ 48 ತಾಸು ಅಂತೈತಿ, ನಮ್ಮ ಕಡೆ ಒಬ್ಬೊಬ್ರದು ಒಂದೊಂದು. ಇಡೂದು 2 ರಿಂದ 8 ಡಿಗ್ರಿ ಒಳಗ. ಆಮ್ಯಾಲ ಅದು ಬಯೋಮೆಡಿಕಲ್ ವೇಸ್ಟ್, ಅಂದ್ರ ಆಸ್ಪತ್ರಿ ಕಸ, 2016ರ ನಿಯಮದ ಪ್ರಕಾರ ಸಂಸ್ಕರಿಸದ ಹಂಗ ಬಿಟ್ಟು 48 ತಾಸಿಗಿಂತ ಹೆಚ್ಚು ಇಟ್ಕೊಳ್ಳಂಗಿಲ್ಲ.

ಆದ್ರ ಇಟ್ಟಿದ್ರೂ ಎಲ್ಲಾ ಟೆಸ್ಟಿಗೂ ಉಪಯೋಗ ಆಗ್ತಿರಲಿಲ್ಲ, ಅದು ಮಂದಿಗೆ ಗೊತ್ತಿರಂಗಿಲ್ಲ. ನೀರು ಹೊರಗ ಬಂದ ಗಳಿಗಿಯಿಂದ ಕೆಡಾಕ ಶುರು ಆಗತೈತಿ. ಎದಿ ನೀರನ್ನ ಸಾದಾ ಟ್ಯೂಬಿನ್ಯಾಗ ಹಾಕಿ ಬಿಟ್ರ ಒಮ್ಮೊಮ್ಮೆ ಸ್ವಲ್ಪ ಹೊತ್ತಿಗೆ ಒಳಗ ಜೆಲ್ಲಿ ಹಂಗ ಹೆಪ್ಪುಗಟ್ಟಿ ಅಲುಗಾಡ್ತಿರತೈತಿ, ಜೀವಕೋಶ ಎಲ್ಲಾ ಆ ಹೆಪ್ಪಿನೊಳಗ ಸಿಕ್ಕೊಂಡು ಕೌಂಟ್ ಸುಳ್ಳ ಕಮ್ಮಿ ಬರತೈತಿ, ಅದಕ್ಕ ಸೆಲ್ ಕೌಂಟಿಗೆ ಹೆಪ್ಪುಗಟ್ಟದಂಗ ತಡಿಯೋ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಕು. ರೋಗಾಣು ಬೆಳಸಿ ನೋಡೋ ಕಲ್ಚರಿಗೆ ಸ್ಟೆರೈಲ್ ಡಬ್ಬಿ. ಕ್ಯಾನ್ಸರ್ ಕೋಶ ನೋಡೋ ಸೈಟಾಲಜಿಗೆ ಮಾತ್ರ 50 ಎಂಎಲ್ ಮ್ಯಾಲ ಸಿಕ್ರ ಚಲೋ, ಅದು ಫ್ರಿಡ್ಜ್‌ನ್ಯಾಗ ತಡೀತೈತಿ.

ಬೆನ್ನುಹುರಿ ಸುತ್ತ ಇರೋ ಬೆನ್ನಾಗಿನ ನೀರಂತೂ ಇನ್ನೂ ಸೂಕ್ಷ್ಮ. ಸುತ್ತಲಿನ ಊರಿನ ನರ್ಸಿಂಗ್ ಹೋಮಿಂದ ಮನಿಮಂದಿ ಥರ್ಮಾಕೋಲ್ ಡಬ್ಬ್ಯಾಗ ಐಸ್ ಹಾಕ್ಕೊಂಡು ತರ್ತಾರ, ಪಾಪ ಬಸ್ಸಿನ್ಯಾಗ ಅದನ್ನ ತೊಡಿ ಮ್ಯಾಲ ಜ್ವಾಕಿ ಮಾಡಿ ಹಿಡ್ಕೊಂಡು ಬಂದಿರ್ತಾರ, ಆದ್ರ ಮೆದುಳು ಜ್ವರ ತರೋ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ತಂಪಿಗೇ ಸಾಯತೈತಿ, ಕಲ್ಚರ್‌ನ್ಯಾಗ ಏನೂ ಬೆಳೆಯಂಗಿಲ್ಲ! ಹಂಗಂತ ಹೊರಗಿಟ್ರ 2 ತಾಸಿನ್ಯಾಗ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಹತ್ತಿರ ಹತ್ತಿರ ಅರ್ಧ ಕರಗಿ ಹೋಗ್ತಾವು. ಹಿಂಗಾಗಿ ಅದನ್ನ ಐಸ್ ಇಲ್ಲದ, ತಡ ಮಾಡದ, ಸೀದಾ ಲ್ಯಾಬಿಗೆ ಮುಟ್ಟಿಸಬೇಕು. ಮತ್ತೊಮ್ಮೆ ಬೆನ್ನಿಗೆ ಸೂಜಿ ಚುಚ್ಚೂದು ಪೇಶಂಟಿಗೆ ಎಷ್ಟು ತ್ರಾಸು ಹೇಳ್ರಿ, ಅದಕ್ಕ ಉಳಿದ ಒಂದೆರಡು ಹನಿನೂ ನಾವು ಸುಮ್ನ ಚೆಲ್ಲಂಗಿಲ್ಲ.

ಈಗ ನೀವು ಏನ್ ಮಾಡಬೇಕಂದ್ರ, ಮೊದಲ ಸೈಟಾಲಜಿ ಮಾಡಿದ್ರಾ ಅಂತ ಲ್ಯಾಬ್‌ನ್ಯಾಗ ಕೇಳ್ರಿ. ನೀರು ಚೆಲ್ಲಿದ್ರೂ ಸ್ಲೈಡು, ಸೆಲ್ ಬ್ಲಾಕು (ಕೋಶಗಳನ್ನ ಮೇಣದಾಗ ಗಟ್ಟಿ ಮಾಡಿದ್ದು) ವರ್ಷಗಟ್ಟಲೆ ಇಟ್ಟಿರ್ತಾರ, ನಾಳೆ ಬ್ಯಾರೆ ಡಾಕ್ಟ್ರಿಗೆ ತೋರಿಸೂದಿದ್ರ ಅವನ್ನ ಅರ್ಜಿ ಕೊಟ್ಟು ಇಸ್ಕೊಬಹುದು, ಸೆಲ್ ಬ್ಲಾಕ್ ಮ್ಯಾಲ ಮುಂದಿನ ಟೆಸ್ಟೂ ಮಾಡಬಹುದು. ಎಡಿಎ ಮಾತ್ರ ಅದರಿಂದ ಆಗಂಗಿಲ್ಲ, ಅದಕ್ಕ ನೀರೇ ಬೇಕು, ಎದ್ಯಾಗ ಇನ್ನೂ ನೀರು ಐತೇನು ಅಂತ ಸ್ಕ್ಯಾನಿಂಗ್ ಮಾಡಿ ಡಾಕ್ಟ್ರು ನೋಡ್ತಾರ.

ಮತ್ತ ತಗಿಯೂದಾದ್ರ ಸೂಜಿ ಹಾಕೂದಕ್ಕಿಂತ ಮೊದಲ ಡಾಕ್ಟ್ರ ಕಡೆ ಟೆಸ್ಟಿನ ಹೆಸರು ಎಲ್ಲಾ ಬರಸ್ಕೋರಿ, ಪ್ರೋಟೀನ್, ಎಲ್‌ಡಿಎಚ್ (ಒಂದು ಕಿಣ್ವ), ಸೆಲ್ ಕೌಂಟ್, ಎಡಿಎ, ಟಿಬಿ ಸಂಶಯ ಇದ್ರ ಟಿಬಿ ರೋಗಾಣು ಹುಡುಕೋ ಸಿಬಿನಾಟ್, ಕಲ್ಚರ್, ಸೈಟಾಲಜಿ. ಅವತ್ತೇ ರಕ್ತದ ಪ್ರೋಟೀನು, ಎಲ್‌ಡಿಎಚ್‌ನೂ ಮಾಡಸ್ರಿ, ಎರಡನ್ನೂ ಹೋಲಿಸಿದ್ರನ ನೀರು ಯಾವ ಕಾರಣಕ್ಕ ತುಂಬೈತಿ ಅಂತ ತಿಳಿಯಾಕ ದಾರಿ ಆಗತೈತಿ. ಡಬ್ಬಿ ಮ್ಯಾಲ ಹೆಸರು, ಯಾವ ನೀರು, ಎಡಕಿಂದೋ ಬಲಕಿಂದೋ, ತಗದ ಟೈಮ್ ಎಷ್ಟು, ಇಷ್ಟು ಬರದಾರಾ ನೋಡ್ಕೊಂಡು ಕೈಯಾಗ ತಗೋರಿ, ಲ್ಯಾಬಿನ್ಯಾಗ ಕೊಡೂ ಮುಂದ ಉಳಿದದ್ದು ಎಷ್ಟ್ ದಿನ ಇಟ್ಟಿರ್ತೀರಿ ಅಂತ ಅಲ್ಲೇ ಕೇಳಿಬಿಡ್ರಿ, ಹೇಳ್ತಾರ.