ನಿಮ್ಮ ಲೇಖನದಲ್ಲಿ ಬಿಸಿಲೇ ಇಲ್ಲ

ನಮಸ್ಕಾರ.

ಕಾರಿನ ಎಂಜಿನ್ನಿಗೆ ನೈಟ್ರಸ್ ಆಕ್ಸೈಡ್ ಅನಿಲ ಬಿಟ್ಟು ಶಕ್ತಿ ಏರಿಸುವ ಬಗ್ಗೆ ನೀವು ಕಳಿಸಿದ ‘ಒಂದು ಗುಂಡಿ, ನೂರು ಕುದುರೆ’ ಲೇಖನ ಓದಿದೆ. ಈ ಸಲ ಪತ್ರಿಕೆಯಲ್ಲಿ ಹಾಕಿಕೊಳ್ಳುತ್ತಿಲ್ಲ. ಮೊದಲೇ ಹೇಳಿಬಿಟ್ಟರೆ ನಿಮಗೂ ನಿರಾಳ, ನನಗೂ ನಿರಾಳ.

ಹಾಗಂತ ವಾಪಸ್ ಕಳಿಸಿ ಸುಮ್ನೆ ಕೂರಲೂ ಆಗಲಿಲ್ಲ. ಅದಕ್ಕೆ ಒಂಬತ್ತನೇ ಪುಟದ ಒಂದು ಸಾಲು ಕಾರಣ. ಹುಮನಾಬಾದ್ ರಸ್ತೆಯ ಗ್ಯಾರೇಜಿನಲ್ಲಿ ಉಸ್ತಾದರು ಊದಿನಕಡ್ಡಿ ಸಿಕ್ಕಿಸುವುದು ತೂತು ಬಿದ್ದ ಒಂದು ಪಿಸ್ಟನ್‌ಗೆ ಅಂತ ಬರೆದಿದ್ದೀರಿ. ನೈಟ್ರಸ್ ಹಾಕಿಸಿದ ಕಾರಿನಿಂದ ಬಿಚ್ಚಿದ ಪಿಸ್ಟನ್ ಅದು. ಈ ಸಾಲು ಬರೆದವರು ಅಲ್ಲಿ ಹೋಗಿ, ನಿಂತು, ನೋಡಿದ್ದಾರೆ. ಉಳಿದ ಹದಿಮೂರು ಪುಟ ಬರೆದವರು ಬೇರೆ ಯಾರೋ ಅನಿಸಿತು. ಅವರಿಗೆ ಕಲಬುರಗಿಯೇ ಗೊತ್ತಿಲ್ಲ.

ಯಾಕೆ ಹಾಗಂದೆ ಹೇಳುತ್ತೇನೆ. ನಾಲ್ಕನೇ ಪುಟದಲ್ಲಿ ‘ಬಾಟಲ್ ಹೀಟರ್ ಇಲ್ಲದ ನೈಟ್ರಸ್ ಕಿಟ್ ಅಪೂರ್ಣ’ ಎಂದಿದ್ದೀರಿ. ನೈಟ್ರಸ್ ತುಂಬಿದ ಸಿಲಿಂಡರನ್ನು ಬಿಸಿ ಮಾಡುವ ಹೀಟರ್, ಯಾವ ಊರಲ್ಲಿ ಸ್ವಾಮಿ? ಚಳಿ ದೇಶದವರು ಬರೆದದ್ದನ್ನು ಹಾಗೇ ಇಳಿಸಿಕೊಂಡಿದ್ದೀರಿ. ಸಿಲಿಂಡರಿನೊಳಗೆ ನೈಟ್ರಸ್ ಆಕ್ಸೈಡ್ ಒತ್ತಡದಲ್ಲಿ ದ್ರವವಾಗಿ ಇರುತ್ತದೆ. ಅದರ ಒತ್ತಡ ನಿಂತಿರುವುದೇ ಬಿಸಿಯ ಮೇಲೆ. 20 ಡಿಗ್ರಿಯಲ್ಲಿ ಸುಮಾರು 50 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತಿರ ಹತ್ತಿರ 50 ಪಟ್ಟು. ಕಿಟ್ ಕೂರಿಸುವವರು ಸಾಮಾನ್ಯವಾಗಿ ಬಯಸುವುದು 900ರಿಂದ 1,000 ಪಿಎಸ್‌ಐ, ಅಂದರೆ 62ರಿಂದ 69 ಬಾರ್. ಸಿಲಿಂಡರ್ 30 ಡಿಗ್ರಿ ಆಸುಪಾಸಿನಲ್ಲಿದ್ದರೆ ಅಷ್ಟು ತಾನಾಗೇ ಬರುತ್ತದೆ. ಚಳಿ ಊರಲ್ಲಿ ಬರುವುದಿಲ್ಲ, ಅದಕ್ಕೇ ಅವರಿಗೆ ಹೀಟರ್ ಬೇಕು. ನಮ್ಮಲ್ಲೂ ಜನವರಿ ಬೆಳಗ್ಗೆ ಬೇಕಾಗಬಹುದು, ಅದನ್ನು ಒಪ್ಪುತ್ತೇನೆ. ಆದರೆ ಮೇ ತಿಂಗಳಲ್ಲಿ?

36.4 ಡಿಗ್ರಿ ದಾಟಿದರೆ ನೈಟ್ರಸ್ ದ್ರವವಾಗಿ ಉಳಿಯುವುದೇ ಇಲ್ಲ. ಎಷ್ಟು ಒತ್ತಿ ಹಿಡಿದರೂ ಅಷ್ಟೇ. ದ್ರವ ಬೇರೆ, ಅನಿಲ ಬೇರೆ ಅನ್ನುವ ಗೆರೆ ಅಳಿಸಿಹೋಗುತ್ತದೆ. ಆ ಹೊತ್ತಿಗೆ ಒತ್ತಡ 72 ಬಾರ್ ಮುಟ್ಟಿರುತ್ತದೆ. ತುಂಬಿದ ಸಿಲಿಂಡರ್ ಆದರೆ ಅಲ್ಲಿಂದ ಮುಂದೆ ಒತ್ತಡದ ಮುಳ್ಳು ಏರುವ ರೀತಿಯೇ ಬೇರೆ. ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಿನಲ್ಲೇ 42, 43 ಡಿಗ್ರಿ ಇರುತ್ತದೆ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ದಾಟುವುದು ದೊಡ್ಡ ಮಾತಲ್ಲ. ನಾನೊಮ್ಮೆ ಸೂಪರ್ ಮಾರ್ಕೆಟ್ ಹತ್ತಿರ ಕಾರಿನಲ್ಲಿ ಸೋಡಾ ಬಾಟಲಿ ಮರೆತು ಹೋಗಿದ್ದೆ. ವಾಪಸ್ ಬಂದಾಗ ಸೀಟೆಲ್ಲ ಅಂಟು, ಹೆಂಡತಿಯ ಸಿಟ್ಟು ಎರಡು ದಿನ. ಅದು ಬರೀ ಸೋಡಾ.

ಒತ್ತಡ ಜಾಸ್ತಿಯಾದರೆ ಒಳ್ಳೆಯದಲ್ವಾ, ಇನ್ನಷ್ಟು ಪಿಕಪ್ ಬರುತ್ತದೆ ಅಂತ ನಿಮ್ಮ ಕಥಾನಾಯಕ ಕೇಳುತ್ತಾನೆ. ನೀವು ಅವನಿಗೆ ಉತ್ತರ ಕೊಡದೆ ಮುಂದೆ ಹೋಗಿದ್ದೀರಿ. ಲೇಖನ ನಿಲ್ಲಬೇಕಾದ್ದು ಅಲ್ಲೇ. ನೈಟ್ರಸ್ ಎಂಜಿನ್ನಿಗೆ ಹೋಗುವುದು ಜೆಟ್ ಅನ್ನುವ ಸಣ್ಣ ನಳಿಕೆಯಿಂದ, ಅದರ ತೂತು ಎಷ್ಟಿತ್ತೋ ಅಷ್ಟೇ ಇರುತ್ತದೆ. ಸಿಲಿಂಡರಿನ ಒತ್ತಡ ಏರಿದಾಗ ಅದರಿಂದ ನೈಟ್ರಸ್ ಜಾಸ್ತಿ ನುಗ್ಗುತ್ತದೆ. ಪೆಟ್ರೋಲ್ ಮಾತ್ರ ಮೊದಲಿನಷ್ಟೇ. ಅಳತೆ ತಪ್ಪಿತು. ಎಂಜಿನ್ ನಾಕಿಂಗ್ ಹೊಡೆಯುತ್ತದೆ, ಅಂದರೆ ಒಳಗಿನ ಪೆಟ್ರೋಲ್ ತಾನಾಗೇ ಸಿಡಿದು ಟಕಟಕ ಬಡಿಯುತ್ತದೆ. ಪಿಸ್ಟನ್ ತಲೆ ಕರಗುತ್ತದೆ. ಉಸ್ತಾದರ ಊದಿನಕಡ್ಡಿ ಸ್ಟ್ಯಾಂಡ್ ತಯಾರಾಗುವುದು ಹೀಗೆ. ನೋಡಿ, ನಿಮ್ಮ ಒಂಬತ್ತನೇ ಪುಟಕ್ಕೂ ನಾಲ್ಕನೇ ಪುಟಕ್ಕೂ ನಂಟಿದೆ. ನಡುವೆ ಇದ್ದದ್ದು ನಮ್ಮ ಬಿಸಿಲು. ಅದನ್ನೇ ಬಿಟ್ಟಿದ್ದೀರಿ.

ಹೀಟರ್ ಬಗ್ಗೆ ಬರೆಯಲೇಬೇಕು ಅಂದರೆ ಇಷ್ಟು ಬರೆಯಿರಿ. ಸಿಲಿಂಡರಿಗೆ ಒತ್ತಡ ತೋರಿಸುವ ಗೇಜ್ ಇರಬೇಕು. ಹೀಟರ್ ಇದ್ದರೆ ಒತ್ತಡ ಬಂದೊಡನೆ ತಾನೇ ಬಂದ್ ಆಗುವಂಥದ್ದು ಇರಬೇಕು. ನಿಮ್ಮ ನಾಯಕನ ಗೆಳೆಯ ವೆಲ್ಡಿಂಗ್ ಟಾರ್ಚ್ ಹಿಡಿದು ಸಿಲಿಂಡರ್ ಕಾಯಿಸುವ ದೃಶ್ಯ ಇದೆಯಲ್ಲ, ಅದನ್ನು ತಮಾಷೆಯಾಗಿ ಬರೆದಿದ್ದೀರಿ. ಬೆಂಕಿ ತಾಗಿದರೆ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ, ಒಳಗೆ ಒತ್ತಡ ಏರುತ್ತಲೇ ಇರುತ್ತದೆ. ಆ ದೃಶ್ಯ ತೆಗೆಯಿರಿ, ಇಲ್ಲವೇ ಅದರ ಕೊನೆಯನ್ನೂ ಬರೆಯಿರಿ.

ಇನ್ನೊಂದು ತಪ್ಪು ಮೊದಲ ಸಾಲಿನಲ್ಲೇ ಇದೆ. ‘ಪೆಟ್ರೋಲಿಗಿಂತ ಬಲವಾದ ಇಂಧನ’ ಎಂದಿದ್ದೀರಿ. ನೈಟ್ರಸ್ ಇಂಧನವೇ ಅಲ್ಲ. ತಾನು ಉರಿಯುವುದಿಲ್ಲ, ಉರಿಯುವುದಕ್ಕೆ ಆಮ್ಲಜನಕ ಕೊಡುತ್ತದೆ. ಗಾಳಿಯ ತೂಕದಲ್ಲಿ ಆಮ್ಲಜನಕ ಶೇ. 23, ನೈಟ್ರಸ್‌ನಲ್ಲಿ ಶೇ. 36. ಜೊತೆಗೆ ಆವಿಯಾಗುವಾಗ ಒಳಗೆ ಹೋಗುವ ಗಾಳಿಯನ್ನು ತಣ್ಣಗೆ ಮಾಡುತ್ತದೆ, ತಣ್ಣನೆ ಗಾಳಿ ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ. ಕಮ್ಮಾರನ ತಿದಿ ನೆನಪಿಸಿಕೊಳ್ಳಿ. ತಿದಿಗೆ ಬೆಂಕಿ ಹತ್ತುವುದಿಲ್ಲ, ಆದರೆ ಕುಲುಮೆ ಎಷ್ಟು ಕೆಂಪಾಗಬೇಕು ಅಂತ ತೀರ್ಮಾನಿಸುವುದು ಅದೇ. ಇದು ಓದುಗರಿಗೆ ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ: ಪೆಟ್ರೋಲ್ ಪಂಪ್ ಸಾಕಷ್ಟು ಕೊಡುತ್ತದಾ ಅಂತ ಮೊದಲು ಯಾಕೆ ನೋಡಬೇಕು, ಪೆಟ್ರೋಲಿನ ಒತ್ತಡ ಬಿದ್ದೊಡನೆ ನೈಟ್ರಸ್ ನಿಲ್ಲಿಸುವ ಸ್ವಿಚ್ ಯಾಕೆ ಬೇಕು, 50 ಕುದುರೆಶಕ್ತಿ ಸೇರಿಸಿದರೆ ಸ್ಪಾರ್ಕ್ ಟೈಮಿಂಗನ್ನು (ಕಿಡಿ ಹಾರುವ ಹೊತ್ತನ್ನು) ಸುಮಾರು 2 ಡಿಗ್ರಿ ಯಾಕೆ ಹಿಂದೆ ಸರಿಸುತ್ತಾರೆ, ಸ್ಪಾರ್ಕ್ ಪ್ಲಗ್ ಯಾಕೆ ತಂಪಿನ ಜಾತಿಯದು ಹಾಕುತ್ತಾರೆ. ಪೈಪಿನ ಜೋಡಣೆಗೆ ಗ್ರೀಸು, ಎಣ್ಣೆ ಮುಟ್ಟಿಸಬಾರದು ಅನ್ನುವುದಕ್ಕೂ ಅದೇ ಕಾರಣ. ಗ್ಯಾರೇಜಿನ ಕೈ ಅಂದರೆ ಎಣ್ಣೆ ಕೈ ಅಲ್ವಾ, ಆದ್ದರಿಂದ ಇದನ್ನು ಒತ್ತಿ ಬರೆಯಿರಿ.

ಈಗ ರಿಂಗ್ ರೋಡಿನ ದೃಶ್ಯ. ಸಿಗ್ನಲ್ ಹಸಿರಾಗುತ್ತದೆ, ನಾಯಕ 1,500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗ) ನೈಟ್ರಸ್ ಗುಂಡಿ ಒತ್ತುತ್ತಾನೆ, ಕಾರು ‘ಬಾಣದಂತೆ’ ಹೋಗುತ್ತದೆ. ಹೋಗುವುದಿಲ್ಲ. ನಲ್ಲಿಯ ನೀರಿನ ಹಾಗೆ ನೈಟ್ರಸ್ ಒಂದೇ ಸಮ ಬರುತ್ತದೆ. ನಲ್ಲಿ ಕೆಳಗೆ ಕೊಡ ಬೇಗ ಬೇಗ ಬದಲಾಯಿಸಿದರೆ ಪ್ರತಿ ಕೊಡಕ್ಕೆ ಸ್ವಲ್ಪ ಸ್ವಲ್ಪ. ನಿಧಾನ ಮಾಡಿದರೆ ಒಂದೇ ಕೊಡ ತುಂಬಿ ಚೆಲ್ಲುತ್ತದೆ. 6,000 ಆರ್‌ಪಿಎಂನಲ್ಲಿ ಒಂದು ಹೊಡೆತಕ್ಕೆ ಹೋಗುವ ನೈಟ್ರಸ್ಸಿನ ನಾಲ್ಕರಷ್ಟು 1,500ರಲ್ಲಿ ಹೋಗುತ್ತದೆ. ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಗಾಳಿ ಒಳಗೆ ಹೋಗುವ ದಾರಿಯಲ್ಲೇ ಸಿಡಿಯುತ್ತದೆ. ಅದಕ್ಕೇ ಸುಮಾರು 3,000 ದಾಟಿದ ಮೇಲೆ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ನೈಟ್ರಸ್ ಬಿಡುವ ಸ್ವಿಚ್‌ಗಳಿರುತ್ತವೆ. ಎಂಜಿನ್ ತನ್ನ ಗರಿಷ್ಠ ವೇಗ ಮುಟ್ಟುವ ಮೊದಲೇ ಅವು ಬಂದ್ ಆಗಬೇಕು. ನಿಮ್ಮ ತಲೆಬರಹದ ಗುಂಡಿ ಇವೆಲ್ಲದರ ಹಿಂದೆ ನಿಂತ ಕೊನೆಯ ಗುಂಡಿ. ನೂರು ಕುದುರೆಯನ್ನೂ ಬಿಡಿ. 80 ಕುದುರೆಶಕ್ತಿಯ ಸಣ್ಣ ಕಾರಿಗೆ ಇನ್ನೂ 100 ಸೇರಿಸುತ್ತೇನೆ ಅನ್ನುವವರ ಪಿಸ್ಟನ್ ಎಲ್ಲಿ ಸೇರುತ್ತದೆ ಅಂತ ನೀವೇ ನೋಡಿದ್ದೀರಲ್ಲ.

ಸಿಲಿಂಡರನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿದ್ದೀರಿ. ತುಂಬಿದ್ದಾಗ ಅದು ಹತ್ತು ಕೆಜಿಗೂ ಜಾಸ್ತಿ. ಒಂದು ಗಟ್ಟಿ ಬ್ರೇಕ್ ಸಾಕು. ಅದನ್ನು ಬ್ರಾಕೆಟ್ ಹಾಕಿ ಬಿಗಿಯಬೇಕು. ಒತ್ತಡ ಮಿತಿ ಮೀರಿದರೆ ಒಡೆಯುವ ಸುರಕ್ಷತಾ ಬಿಲ್ಲೆಯಿಂದ ಕಾರಿನ ಹೊರಗೆ ಒಂದು ಪೈಪ್ ಹೋಗಬೇಕು. ಇಲ್ಲದಿದ್ದರೆ ಬಿಲ್ಲೆ ಒಡೆದ ಕ್ಷಣ ಕಾರಿನೊಳಗೆಲ್ಲ ಬಿಳಿ ಮಂಜು. ಡ್ರೈವರ್‌ಗೆ ದಾರಿಯೂ ಕಾಣುವುದಿಲ್ಲ, ಉಸಿರೂ ಸಿಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಈ ಬಿಲ್ಲೆಯೇ ನಿಮ್ಮ ಕಥೆಯ ನಾಯಕ, ಹುಡುಗ ಅಲ್ಲ. ಇಳಿದು ಹೋಗುವಾಗ ವಾಲ್ವ್ ಬಂದ್ ಮಾಡಿ, ಸಿಲಿಂಡರ್ ಬಿಚ್ಚಿ ನೆರಳಿನಲ್ಲಿ ಇಡುವುದು ಇಲ್ಲಿಯ ಮಟ್ಟಿಗೆ ದಿನದ ಕೆಲಸ. ಇದನ್ನು ನಾನು ಯಾವ ವಿದೇಶಿ ಲೇಖನದಲ್ಲೂ ಓದಬೇಕಿಲ್ಲ. ನೀವು ಬರೆಯಬೇಕು.

‘ನಗೆ ಅನಿಲ’ ಎಂದು ಗೆಳೆಯರು ಸಿಲಿಂಡರಿಗೆ ಮೂಗಿಟ್ಟು ನಗುವ ಪ್ಯಾರಾ ಪೂರ್ತಿ ಹೊಡೆದುಹಾಕಿದ್ದೇನೆ. ಕಾರಿನ ನೈಟ್ರಸ್‌ಗೆ ಯಾರೂ ಸೇದದಿರಲಿ ಅಂತಲೇ ಸಲ್ಫರ್ ಡೈಆಕ್ಸೈಡ್ ಬೆರೆಸುವುದುಂಟು. ಅದು ಎದೆ ಸುಡುತ್ತದೆ. ಬೆರೆಸದೇ ಇದ್ದರೂ ಆಮ್ಲಜನಕ ಸಿಗದೆ ಎಚ್ಚರ ತಪ್ಪುತ್ತದೆ. ನಳಿಕೆಯಿಂದ ಹೊರಬರುವುದು ಸೊನ್ನೆಗಿಂತ 88 ಡಿಗ್ರಿ ಕೆಳಗೆ ಕುದಿಯುವ ವಸ್ತು, ತುಟಿ ಹೆಪ್ಪುಗಟ್ಟುತ್ತದೆ. ಇದರಲ್ಲಿ ನಗುವುದೇನಿದೆ?

ಎರಡನೇ ಮಹಾಯುದ್ಧದ ಬಗ್ಗೆ ಎರಡು ಪುಟ ಬೇಡ. ಎತ್ತರದ ತೆಳು ಗಾಳಿಯಲ್ಲಿ ಎಂಜಿನ್ ಸೋಲದಿರಲಿ ಅಂತ ಜರ್ಮನ್ನರು ಯುದ್ಧವಿಮಾನಗಳಲ್ಲಿ ಇದನ್ನು ಬಳಸಿದರು. ಈ ಒಂದು ಸಾಲು ಸಾಕು. ಬೀದರ್ ಕಡೆಯ ಓದುಗರಂತೂ ತಲೆ ಮೇಲೆ ದಿನಾ ವಿಮಾನದ ಸದ್ದು ಕೇಳುವವರು, ಬೇಗ ಹಿಡಿಯುತ್ತಾರೆ.

ಕಾನೂನಿನ ಬಗ್ಗೆ ‘ಸ್ವಲ್ಪ ತೊಂದರೆ ಇದೆ’ ಎಂದು ಜಾರಿಕೊಂಡಿದ್ದೀರಿ. ನೇರವಾಗಿ ಬರೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಬದಲಾಯಿಸಿದ ಮಾಲೀಕರಿಗೆ 182ಎ ಅಡಿ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್ ಬೇರೆ ಇದೆ. ಹಾಗಾಗಿ ನಿಮ್ಮ ರೇಸನ್ನು ರಿಂಗ್ ರೋಡಿನಿಂದ ಎತ್ತಿ ಟ್ರ್ಯಾಕಿಗೆ ಒಯ್ಯಿರಿ. ಚೆನ್ನೈ ಹತ್ತಿರ ಒಂದಿದೆ, ಕೊಯಮತ್ತೂರಿನಲ್ಲೊಂದಿದೆ. ರಾತ್ರಿ ಹನ್ನೊಂದಕ್ಕೂ ರಿಂಗ್ ರೋಡಿನಲ್ಲಿ ತೊಗರಿ ಲಾರಿಗಳು ಓಡಾಡುತ್ತವೆ. ನಿಮ್ಮ ದೃಶ್ಯದಲ್ಲಿ ಒಂದೂ ಲಾರಿ ಇಲ್ಲ, ಒಂದು ನಾಯಿಯೂ ಅಡ್ಡ ಬರುವುದಿಲ್ಲ. ನಂಬುವುದು ಕಷ್ಟ.

ಭಾಷೆಯ ಬಗ್ಗೆ ಒಂದೇ ಮಾತು. ‘ರಕ್ತ ಕುದಿಯಿತು’ ಮೂರು ಕಡೆ ಬಂದಿದೆ, ಮೂರನ್ನೂ ತೆಗೆಯಿರಿ. ಉಸ್ತಾದರ ಬಾಯಲ್ಲಿ ‘ಎಂಜಿನ್ನಿನಲ್ಲಿ ಅಪಸ್ವರ ಕೇಳಿಬರುತ್ತಿದೆ’ ಎಂದು ಆಡಿಸಿದ್ದೀರಿ. ನಾನು ಕಂಡ ಯಾವ ಮೆಕ್ಯಾನಿಕ್ಕೂ ಹೀಗೆ ಮಾತಾಡುವುದಿಲ್ಲ. ‘ಗಾಡಿ ನಾಕಿಂಗ್ ಹೊಡೀಲಾಕತ್ತದ, ಬಂದ್ ಮಾಡ್ರಿ’ ಅನ್ನುತ್ತಾರೆ.

ಲೇಖನವನ್ನು ಪಿಸ್ಟನ್‌ನಿಂದ ಶುರು ಮಾಡಿ. ಆರು ಪುಟ ಮೀರದಿರಲಿ. ಅದಕ್ಕೆ ಮೊದಲು ಉಸ್ತಾದರ ಹತ್ತಿರ ಇನ್ನೊಮ್ಮೆ ಹೋಗಿ ಕೇಳಿ: ಆ ಕಾರು ಗ್ಯಾರೇಜಿಗೆ ಬಂದದ್ದು ಯಾವ ತಿಂಗಳು, ಸಿಲಿಂಡರ್ ಎಲ್ಲಿತ್ತು, ಗೇಜ್ ಇತ್ತಾ, ಎಂಜಿನ್ ಬಿಚ್ಚಿದಾಗ ಎಂಥ ವಾಸನೆ ಬಂತು, ಹುಡುಗನ ಅಪ್ಪ ಏನಂದರು. ಸ್ಟೀಲ್ ಕಪ್ಪಿನಲ್ಲಿ ಚಹಾ ಕೊಡುತ್ತಾರೆ ಅಂತ ಬರೆದಿದ್ದೀರಿ, ಕುಡಿದು ನಿಧಾನಕ್ಕೆ ಕೇಳಿ. ಕಾರಿನ ಫೋಟೊ ಬೇಡ. ಪಿಸ್ಟನ್ ಫೋಟೊ ತನ್ನಿ, ತೂತು ಕಾಣುವಂತೆ, ಊದಿನಕಡ್ಡಿ ಹಚ್ಚಿರುವಾಗಲೇ. ಮತ್ತೆ ಹೋಗುವುದಿದ್ದರೆ ಸಂಜೆ ತಂಪಿನಲ್ಲಿ ಹೋಗಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ.